ಅರ್ಧ ಹೆಸರು ಸಾಕು

ಪರದೆಯ ಮೇಲೆ ಅಲೆಯುವ ಪುಟ್ಟ ಬಿಳಿ ಬಾಣವೊಂದು ನಮ್ಮಿಬ್ಬರನ್ನು ಕೂಡಿಸಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಮೌಸ್ ಸುಧೀಂದ್ರನ ಕೈಯಲ್ಲಿರುತ್ತಿತ್ತು, ಕಣ್ಣು ನನ್ನದಾಗಿರುತ್ತಿತ್ತು. ನಾವು ಕೆಲಸ ಮಾಡುತ್ತಿದ್ದ ಸಂಸ್ಥೆ ಒಂದು ಬಸ್ ಕಂಪನಿಗೆ ವೇಳಾಪಟ್ಟಿಯ ತಂತ್ರಾಂಶ ಬರೆದುಕೊಡುತ್ತಿತ್ತು. ಯಾರು ಯಾರೋ ಬರೆದಿಟ್ಟು ಹೋದ ಆ ಪ್ರೋಗ್ರಾಮು ಫೋಲ್ಡರಿನೊಳಗೆ ಫೋಲ್ಡರಾಗಿ, ಲೆಕ್ಕವಿಲ್ಲದಷ್ಟು ಫೈಲುಗಳಾಗಿ ಹಬ್ಬಿಕೊಂಡಿತ್ತು. ಅವನು ಬರೆಯುವವನು, ನಾನು ಅವನು ಬರೆದದ್ದನ್ನು ಪರೀಕ್ಷಿಸಿ ತಪ್ಪು ಹಿಡಿಯುವವಳು. ತಪ್ಪು ಅಡಗಿರುವ ಫೈಲನ್ನು ಹುಡುಕಲು ಅವನು ಬಾಣವನ್ನು ಪಟ್ಟಿಯ ಮೇಲೆ ಮೆಲ್ಲಗೆ ಜಾರಿಸುತ್ತಿದ್ದ. ನಾನು ಪಕ್ಕದ ಕುರ್ಚಿಯಿಂದ ಬಾಗಿ, "ಕೆಳಗೆ, ಇನ್ನೂ ಕೆಳಗೆ... ಅಯ್ಯೋ, ದಾಟಿಹೋಯ್ತು, ಮೇಲೆ ಬಾ" ಎನ್ನುತ್ತಿದ್ದೆ. ಹೀಗೆ ಹುಡುಕುತ್ತ ಹುಡುಕುತ್ತಲೇ ಒಂದು ದಿನ ಅವನು ಬಾಣವನ್ನು ಖಾಲಿ ಜಾಗದಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗದೆಯೇ, "ಮನೆಯಲ್ಲೂ ಹೀಗೇ ದಾರಿ ತೋರಿಸ್ತೀಯಾ?" ಎಂದು ಕೇಳಿದ. ನಾನು ನಕ್ಕೆ. ಅದನ್ನೇ ಒಪ್ಪಿಗೆಯೆಂದು ತಿಳಿದ.

ಮದುವೆಯಾದ ಮೇಲೆ ಪರೀಕ್ಷೆಯ ವಿಭಾಗಕ್ಕೆಂದು ಬೇರೆ ಕೋಣೆ ಮಾಡಿದರು. ನಡುವೆ ಒಂದು ಗಾಜಿನ ಗೋಡೆ ಬಂತು. ಆದರೂ ಏನಾದರೂ ಸಿಗದಿದ್ದಾಗ ಅವನು ಗಾಜಿನ ಮೇಲೆ ಬೆರಳಿನಿಂದ ಟಕಟಕ ಬಡಿಯುತ್ತಿದ್ದ, ನಾನು ಎದ್ದು ಹೋಗುತ್ತಿದ್ದೆ. ನನ್ನ ದಾಂಪತ್ಯದ ನೆಮ್ಮದಿಯೆಲ್ಲ ಆ ಟಕಟಕ ಸದ್ದಿನಲ್ಲೇ ಇತ್ತೆಂದು ಅದು ನಿಂತ ಮೇಲೆ ತಿಳಿಯಿತು.

ಅದು ನಿಂತದ್ದು ಲವೀನಾ ಬಂದ ಮೇಲೆ. ನಮಗಿಂತ ಚಿಕ್ಕವಳು, ಮಾತು ಕಡಿಮೆ, ಕತ್ತರಿಸಿದ ಕೂದಲು, ಕೈಯಲ್ಲಿ ಬಳೆಯಿಲ್ಲ. ಸುಧೀಂದ್ರನ ಪಕ್ಕದ ಮೇಜು ಅವಳದಾಯಿತು. ಅವಳು ಮೌಸ್ ಮುಟ್ಟುತ್ತಲೇ ಇರಲಿಲ್ಲ. ಕೀಬೋರ್ಡಿನ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವಳು, ಪರದೆಯ ನೆತ್ತಿಯಲ್ಲಿ ಒಂದು ಕಿರುಪಟ್ಟಿ ತೆರೆದುಕೊಳ್ಳುವುದು. ಅದರಲ್ಲಿ ಫೈಲಿನ ಹೆಸರಿನ ನಾಲ್ಕಾರು ಅಕ್ಷರಗಳನ್ನು ಹೇಗೆಂದರೆ ಹಾಗೆ ಉದುರಿಸಿದರೆ ಸಾಕು, ಬೇಕಾದ ಫೈಲು ಎದುರಿಗೆ ಬಂದು ನಿಲ್ಲುವುದು. ನಡುವಿನ ಅಕ್ಷರ ಬಿಟ್ಟರೂ ಅದಕ್ಕೆ ಅರ್ಥವಾಗುತ್ತಿತ್ತು. ಮೊದಲ ದಿನ ಎಲ್ಲರೂ ಸುತ್ತ ನಿಂತು ನೋಡಿದೆವು. "ಇಡೀ ಹೆಸರು ನೆನಪಿರಬೇಕಾಗಿಲ್ಲ, ಅರ್ಧ ಹೆಸರು ಸಾಕು" ಎಂದಳು ಲವೀನಾ. ನಮ್ಮ ಮುಖ್ಯಸ್ಥರಾದ ಜಿನೇಂದ್ರ ಸರ್ ನನ್ನ ಕಡೆ ತಿರುಗಿ, "ಇನ್ನು ಮೇಲೆ ನಿಮಗೆ ಓಡಾಟ ತಪ್ಪಿತು ನೋಡಿ" ಎಂದು ನಕ್ಕರು. ನಾನೂ ನಕ್ಕೆ. ಹೆಂಗಸರಿಗೆ ಸವತಿ ಬರುವ ಕತೆ ಕೇಳಿದ್ದೆ. ನನ್ನ ಪಾಲಿಗೆ ಬಂದ ಸವತಿ ಮೂರಂಗುಲ ಅಗಲದ ಒಂದು ಪಟ್ಟಿಯಾಗಿತ್ತು.

ಆ ಪಟ್ಟಿಯನ್ನಾದರೂ ಸಹಿಸಬಹುದಿತ್ತೇನೋ. ಆದರೆ ಅದನ್ನು ಕಲಿಸಲು ಲವೀನಾ ಸುಧೀಂದ್ರನ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ನಾನು ಕೂರುತ್ತಿದ್ದ ಕಡೆಯಲ್ಲೇ. ಗಾಜಿನ ಈಚೆಯಿಂದ ಮಾತು ಕೇಳುತ್ತಿರಲಿಲ್ಲ, ತುಟಿಗಳು ಮಾತ್ರ ಕಾಣುತ್ತಿದ್ದವು. ಅವನು ಮೌಸನ್ನು ಮಾನಿಟರಿನ ಹಿಂದಕ್ಕೆ ತಳ್ಳಿಬಿಟ್ಟಿದ್ದ. ನನ್ನ ಬಿಳಿ ಬಾಣ ಪರದೆಯ ಮೂಲೆಯಲ್ಲಿ, ತರಗತಿಯಿಂದ ಹೊರಗೆ ನಿಲ್ಲಿಸಿದ ಹುಡುಗಿಯಂತೆ, ಅಲುಗಾಡದೆ ನಿಂತಿರುತ್ತಿತ್ತು.

"ಅದೇನು ಅಷ್ಟು ಕಲಿಯೋದಿದೆ ಅದರಲ್ಲಿ?" ಎಂದು ಒಂದು ಸಂಜೆ ಕೇಳಿದೆ.

"ಅಭ್ಯಾಸ ಆಗ್ಬೇಕಲ್ಲ" ಎಂದ.

"ಬೇರೆ ಯಾರಿಗೂ ಇಷ್ಟು ದಿನ ಹಿಡೀಲಿಲ್ಲ."

"ನಾನು ದಡ್ಡ ಅಂತಿಟ್ಕೋ" ಎಂದು ಪತ್ರಿಕೆ ಎತ್ತಿಕೊಂಡ.

ಹೊಟ್ಟೆಕಿಚ್ಚಿಗೆ ಸಾವಿರ ಕಣ್ಣು. ಇದ್ದಕ್ಕಿದ್ದಂತೆ ಅವನು ಅಂಗಿಗಳನ್ನು ಬಿಟ್ಟು ಜುಬ್ಬ ತೊಡಲು ಶುರುಮಾಡಿದ. ತಲೆಯ ಮೇಲಿಂದ ಇಳಿಸಿಕೊಳ್ಳುವ, ಗುಂಡಿಯಿಲ್ಲದ ಬಣ್ಣಬಣ್ಣದ ಜುಬ್ಬಗಳು. ಈ ವಯಸ್ಸಿನಲ್ಲಿ ಸಿಂಗಾರ ಯಾರಿಗಾಗಿ ಎಂದು ಕೇಳಲು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗಡ್ಡ ಬಿಟ್ಟ. ನಡೆಯುವಾಗ ನನ್ನ ಎಡಕ್ಕೆ ಇರುತ್ತಿದ್ದವನು ಬಲಕ್ಕೆ ಬಂದ. ಅವನ ಬಲಗೈ ಸದಾ ಜೇಬಿನಲ್ಲಿ. ಮೊದಲು ರಸ್ತೆ ದಾಟುವಾಗ ಆ ಕೈ ತಾನಾಗಿ ನನ್ನ ಕೈಯನ್ನು ಹುಡುಕಿಕೊಂಡು ಬರುತ್ತಿತ್ತು. ಮನೆಯಲ್ಲಿ ಕೆಲಸದ ನೆಪ ಹೇಳಿ ತಡವಾಗಿ ಒಬ್ಬನೇ ಉಣ್ಣುತ್ತಿದ್ದ. ಮದುವೆಮನೆಗಳಲ್ಲಿ ಊಟಕ್ಕೆ ಕೂರದೆ, "ಹೊಟ್ಟೆ ಸರಿಯಿಲ್ಲ" ಎಂದು ಹೊರಟುಬಿಡುತ್ತಿದ್ದ. ನನ್ನೊಂದಿಗೆ ನಾಲ್ಕು ಜನರ ಎದುರು ಕಾಣಿಸಿಕೊಳ್ಳಲು ಇವನಿಗೆ ನಾಚಿಕೆಯಾಗುತ್ತಿದೆ ಎಂದುಕೊಂಡೆ. ಒಂದೊಂದೂ ಅವಳ ಕಡೆಗೇ ಬೆರಳು ಮಾಡುತ್ತಿತ್ತು. ಕನ್ನಡಿಯ ಮುಂದೆ ನಿಂತು ನನ್ನ ಬಳೆಗಳನ್ನು ತೆಗೆದು ನೋಡಿದೆ, ಮತ್ತೆ ಹಾಕಿಕೊಂಡೆ.

ಅವಳನ್ನು ದ್ವೇಷಿಸಲು ಒಂದು ನೆಪವಾದರೂ ಸಿಕ್ಕಿದ್ದರೆ ಹಗುರಾಗುತ್ತಿದ್ದೆ. ಲವೀನಾ ನನಗೆ ಕ್ಯಾಂಟೀನಿನಲ್ಲಿ ಜಾಗ ಹಿಡಿದಿಡುತ್ತಿದ್ದಳು. ನನಗೆ ಕೆಮ್ಮು ಬಂದಾಗ ಶುಂಠಿ ಕಷಾಯ ತಂದುಕೊಟ್ಟಳು. ಅದನ್ನು ಕುಡಿಯುವಾಗ ಗಂಟಲಿಗಿಂತ ಕೆಳಗೆ ಏನೋ ಉರಿಯಿತು.

ಹೊಸ ವೇಳಾಪಟ್ಟಿಯನ್ನು ಒಪ್ಪಿಸುವ ಗಡುವು ಹತ್ತಿರ ಬಂದಿತ್ತು. ಅದರ ಮುಖ್ಯ ಭಾಗವೆಲ್ಲ ಸುಧೀಂದ್ರನ ಹೊಣೆ. ಒಂದು ಶನಿವಾರ ರಜೆಯಿದ್ದರೂ, ಕೆಲಸ ಬಾಕಿಯಿದೆಯೆಂದು ಅವನು ಬೆಳಿಗ್ಗೆಯೇ ಹೊರಟ. ಮಧ್ಯಾಹ್ನದ ಹೊತ್ತಿಗೆ ನನ್ನಿಂದ ಮನೆಯಲ್ಲಿ ಕೂರಲಾಗಲಿಲ್ಲ. ಚಿತ್ರಾನ್ನವನ್ನು ಡಬ್ಬಿಗೆ ತುಂಬಿಕೊಂಡು ಹೊರಟೆ. ಊಟ ಕೊಡಲು ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಕಚೇರಿ ಖಾಲಿಯಿತ್ತು. ಗಾಜಿನ ಗೋಡೆಯಾಚೆ ಅವರಿಬ್ಬರೇ ಕೂತಿದ್ದರು. ಸುಧೀಂದ್ರನ ಬಲಗೈ ಮೇಜಿನ ಮೇಲಿತ್ತು. ಅದರ ಮೇಲೆ ಲವೀನಾ ತನ್ನ ಅಂಗೈಯನ್ನು ಇಟ್ಟು ಒತ್ತಿ ಹಿಡಿದಿದ್ದಳು.

ನಾನು ಬಾಗಿಲು ತಳ್ಳಿದ ರಭಸಕ್ಕೆ ಅದು ಗೋಡೆಗೆ ಬಡಿಯಿತು. ಅವನು ಬೆಚ್ಚಿದ. ಅವಳು ಬೆಚ್ಚಲಿಲ್ಲ.

"ಕೈ ಬಿಡು" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ಮೇಡಂ..."

"ಬಿಡು ಅಂದೆ."

ಅವಳು ಸುಧೀಂದ್ರನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಅವಳು ಕೈ ತೆಗೆದಳು.

ಕೂಡಲೇ ಅವನ ಕೈ ಅಲುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಕಾಣದ ಮಣಿಯೊಂದನ್ನು ಉರುಳಿಸುತ್ತಿರುವಂತೆ ಅವೆರಡೂ ಒಂದರ ಮೇಲೊಂದು ಉಜ್ಜಿದವು. ಆಮೇಲೆ ಮಣಿಕಟ್ಟು ನಡುಗಿತು. ಖಾಲಿ ಮೇಜಿನ ಮೇಲೆ ಅವನ ಉಗುರುಗಳು ಸದ್ದು ಮಾಡುತ್ತಿದ್ದವು. ಅವನು ಆ ಕೈಯನ್ನು ಜೇಬಿಗೆ ಸೇರಿಸಲು ನೋಡಿದ, ಜೇಬಿನ ಬಾಯಿ ಸಿಗಲಿಲ್ಲ. ಗುಂಡಿಯಿಲ್ಲದ ಜುಬ್ಬ, ಬೋಳಿಸದ ಗಡ್ಡ, ಊಟಕ್ಕೆ ಕೂರದೆ ತಪ್ಪಿಸಿಕೊಂಡ ಪಂಕ್ತಿಗಳು, ನನ್ನ ಕೈಯಿಂದ ದೂರ ಸರಿದ ಆ ಬಲಗೈ, ಎಲ್ಲವೂ ಒಮ್ಮೆಗೇ ನನ್ನ ಮೇಲೆ ಕುಸಿದಂತಾಯಿತು. ಕೆಲವು ತಿಂಗಳ ಹಿಂದೆ ಅವನ ಪರದೆಯ ಬಾಣ ಗಾಳಿಗೆ ಸಿಕ್ಕ ನೊಣದ ಹಾಗೆ ತತ್ತರಿಸಿದ್ದನ್ನು ನೋಡಿ, "ಈ ಮೌಸ್ ಬದಲಾಯಿಸ್ಬಾರ್ದಾ?" ಎಂದು ನಾನೇ ಹೇಳಿದ್ದೆ.

"ಡಾಕ್ಟರ್ ಏನಂದ್ರು?" ಎಂದು ಕೇಳಿದೆ. ಡಬ್ಬಿ ಇನ್ನೂ ನನ್ನ ಕೈಯಲ್ಲಿತ್ತು.

"ನರದ ಕಾಯಿಲೆಯಂತೆ. ವಾಸಿಯಾಗೋದಲ್ಲ. ಮಾತ್ರೆ ತಗೊಂಡ್ರೆ ನಿಧಾನವಾಗಿ ಹೋಗುತ್ತಂತೆ."

ಲವೀನಾ ಎದ್ದು ನಿಂತಳು. "ನನ್ನಪ್ಪ ಟೈಲರ್ ಆಗಿದ್ರು, ಮೇಡಂ. ಅವ್ರ ಕೈ ಹೀಗೇ ಶುರುವಾಗಿದ್ದು. ಬಂದ ವಾರದಲ್ಲೇ ಸರ್ ಕೈ ನೋಡಿ ಗೊತ್ತಾಯ್ತು. ಮೌಸ್ ಹಿಡಿಯೋದು ಕಷ್ಟ ಅಂತ ಅದನ್ನ ಬಿಡಿಸ್ದೆ. ಎಡಗೈಯಲ್ಲಿ ನಡೆಯೋ ಹಾಗೆ ಕೀಲಿಗಳನ್ನ ಬದಲಾಯಿಸಿದೀನಿ. ನಡುಗಿ ಒಂದೇ ಅಕ್ಷರ ಎರಡು ಸಲ ಬಿದ್ರೆ ಒಂದೇ ಅಂತ ಅದು ತಿಳ್ಕೊಳ್ಳುತ್ತೆ." ತನ್ನ ಚೀಲ ತೆಗೆದುಕೊಂಡು, "ನಿಮಗೆ ಹೇಳಿ ಅಂತ ಸರ್‌ಗೆ ದಿನಾ ಹೇಳ್ತಿದ್ದೆ" ಎಂದು ಹೊರಟುಹೋದಳು.

ನಾನು ಅವಳ ಕುರ್ಚಿಯಲ್ಲಿ ಕೂತೆ. ಅಲ್ಲ, ನನ್ನ ಕುರ್ಚಿಯಲ್ಲಿ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತಿದ್ದೆ."

"ಅಳೋ ಹಕ್ಕೂ ನನಗಿಲ್ವಾ, ಸುಧೀ?"

ಅವನು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ. "ಅವಳು ನನ್ನ ಕೈ ನೋಡಿದ್ಲು, ಕೀಬೋರ್ಡನ್ನ ಇತ್ತ ತಳ್ಳಿದ್ಲು. ಅಷ್ಟೇ. ಕೆಲಸ ನಡೀತು. ನೀನು ನೋಡಿದ್ರೆ ನಾನು ರೋಗಿ ಆಗ್ಬಿಡ್ತಿದ್ದೆ" ಎಂದ.

ಅಲ್ಲಿಗೆ ಹೊಟ್ಟೆಕಿಚ್ಚು ಆರಿಹೋಯಿತು ಎಂದರೆ ಕತೆ ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಮೊದಲಿನ ಕಿಚ್ಚಿಗೆ ಒಂದು ಆಸೆಯಾದರೂ ಇತ್ತು, ನನ್ನ ಅನುಮಾನ ಸುಳ್ಳಾಗಬಹುದಿತ್ತು. ಈಗಿನದು ಸತ್ಯದ ಮೇಲೆ ಕೂತಿತ್ತು. ನನ್ನ ಗಂಡನ ಶರೀರದ ಅತಿ ದೊಡ್ಡ ಸುದ್ದಿ ನನಗಿಂತ ಮೊದಲು ಇನ್ನೊಬ್ಬಳಿಗೆ ತಿಳಿದಿತ್ತು. ಅವನು ತನ್ನ ಭಯವನ್ನು ಅವಳೆದುರು ಮೇಜಿನ ಮೇಲಿಟ್ಟಿದ್ದ, ನನ್ನೆದುರು ಜೇಬಿನಲ್ಲಿಟ್ಟುಕೊಂಡಿದ್ದ. ಅವನು ಯಾವಳನ್ನೋ ಮೋಹಿಸಿದ್ದರೆ ಜಗಳವಾಡಬಹುದಿತ್ತು. ಇದಕ್ಕೆ ಯಾರೊಂದಿಗೆ ಜಗಳವಾಡಲಿ?

ಸೋಮವಾರ ನಾನೇ ಲವೀನಾಳ ಮೇಜಿನ ಬಳಿ ಹೋಗಿ, "ಅದನ್ನ ನನಗೂ ಕಲಿಸು" ಎಂದೆ. ಅವಳು ಏನನ್ನೂ ಕೇಳದೆ ಕುರ್ಚಿ ಎಳೆದಳು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಎಡಗೈಯೊಂದರಲ್ಲೇ ಕಲಿತೆ. ಬೆರಳು ತಪ್ಪುತ್ತಿತ್ತು, ಬೇಡದ ಫೈಲುಗಳು ತೆರೆದುಕೊಳ್ಳುತ್ತಿದ್ದವು, ಸಿಟ್ಟಿನಿಂದ ಕಣ್ಣಲ್ಲಿ ನೀರು ಬರುತ್ತಿತ್ತು. "ಹೆಸರೆಲ್ಲ ಬರೀಬೇಡಿ ಮೇಡಂ. ಗೊತ್ತಿರೋದಷ್ಟನ್ನ ಕೊಡಿ, ಉಳಿದದ್ದನ್ನ ಅದು ನೋಡ್ಕೊಳ್ಳುತ್ತೆ" ಎನ್ನುತ್ತಿದ್ದಳು. ಕಲಿಸುವಾಗ ಅವಳಿಗಿದ್ದ ತಾಳ್ಮೆಯನ್ನು ಕಂಡು ಮತ್ತೆ ಕಿಚ್ಚು ಹೊತ್ತುತ್ತಿತ್ತು. ಇದೇ ತಾಳ್ಮೆಯಲ್ಲವೇ ಅವನಿಗೆ ಸಿಕ್ಕದ್ದು, ನನ್ನಲ್ಲಿ ಇಲ್ಲವೆಂದು ಅವನು ಹೆದರಿದ್ದು.

"ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು, ಗೊತ್ತಾ?" ಎಂದು ಒಂದು ದಿನ ಹೇಳಿಯೇಬಿಟ್ಟೆ.

"ಗೊತ್ತು" ಎಂದಳು, ಪರದೆಯಿಂದ ಕಣ್ಣೆತ್ತದೆ. "ಅಪ್ಪನಿಗೆ ಹೀಗಾದಾಗ ಅಮ್ಮ ಒಂದು ಪ್ರಶ್ನೆ ಸಹ ಕೇಳ್ಲಿಲ್ಲ. ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಮುಚ್ಚಿದ್ರು, ಅಷ್ಟೇ. ಇಲ್ಲಿ, ಈ ಕೀಲಿ ಒತ್ತಿ."

ನಾನು ಒತ್ತಿದೆ. ಆ ದಿನದಿಂದ ಅವಳ ಜೊತೆ ಒಂದೇ ಡಬ್ಬಿಯಲ್ಲಿ ಉಣ್ಣತೊಡಗಿದೆ. ಕಿಚ್ಚು ಹೋಯಿತೆಂದಲ್ಲ. ಅದಕ್ಕೂ ಒಂದು ಜಾಗ ಮಾಡಿಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡೆ.

ವೇಳಾಪಟ್ಟಿ ಗಡುವಿನೊಳಗೆ ಮುಗಿಯಿತು. ಸುಧೀಂದ್ರನೇ ಮುಗಿಸಿದ, ಎಡಗೈಯಲ್ಲಿ. ಕಚೇರಿಯವರಿಗೆ ಅವನೇ ಕಾಯಿಲೆಯ ವಿಷಯ ತಿಳಿಸಿದ. ಜಿನೇಂದ್ರ ಸರ್ ಅವನನ್ನು ಕೆಲಸದಿಂದ ಬಿಡಿಸಲಿಲ್ಲ, ಮುಂದೆ ಹಲವು ವರ್ಷ ಅವನು ಅದೇ ಮೇಜಿನ ಮುಂದೆ ಕೂತ. ಮನೆಯಲ್ಲಿ ಅವನ ಕೈ ಬಹಳ ಕಾಡಿದ ದಿನ ನಾನು ಅಳುತ್ತಿರಲಿಲ್ಲ ಎಂದು ಹೇಳಲಾರೆ. ಅಳುತ್ತಿದ್ದೆ, ಅವನೆದುರೇ. ಅವನು ಸುಮ್ಮನೆ ಕಾಯುತ್ತಿದ್ದ. ಆಮೇಲೆ ಇಬ್ಬರೂ ಅನ್ನ ಕಲೆಸಲು ಕೂರುತ್ತಿದ್ದೆವು.

ಲವೀನಾ ಇನ್ನೊಂದು ಊರಿನಲ್ಲಿ ಕೆಲಸ ಹಿಡಿದು ಹೊರಟಾಗ ಹೊಸ ವೇಳಾಪಟ್ಟಿಯ ಬಸ್ಸುಗಳು ಓಡಲು ಶುರುವಾಗಿದ್ದವು. ಬೀಳ್ಕೊಡಲು ನಾವಿಬ್ಬರೂ ಬಸ್ ನಿಲ್ದಾಣಕ್ಕೆ ಹೋದೆವು. ಅವಳು ಕಿಟಕಿಯ ಪಕ್ಕ ಕೂತಳು. ಸುತ್ತಲೂ ಯಾರು ಯಾರನ್ನೋ ಕಳಿಸಲು ಬಂದವರ ಗುಂಪು. ಬಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಹೊರಟಿತು. ಗುಂಪೆಲ್ಲ ಕೈಯೆತ್ತಿ ಬೀಸಿತು. ಸುಧೀಂದ್ರ ಜೇಬಿನಿಂದ ತನ್ನ ಬಲಗೈ ತೆಗೆದು ಮೇಲೆತ್ತಿದ. ಅದು ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಲವೀನಾ ಕಿಟಕಿಯಿಂದ ಬಾಗಿ ಕೈ ಬೀಸಿದಳು. ಅವನಿಗೋ ನನಗೋ ತಿಳಿಯಲಿಲ್ಲ. ನನ್ನ ಕೈಯೂ ಮೇಲೆದ್ದಿತು. ಬೀಸುವ ಅಷ್ಟು ಕೈಗಳ ನಡುವೆ ಅವನ ಕೈ ಎಲ್ಲರ ಕೈಯಂತೆಯೇ ಕಾಣುತ್ತಿತ್ತು, ಯಾರನ್ನೋ ಪ್ರೀತಿಯಿಂದ ಕಳಿಸಿಕೊಡುವ ಕೈಯಂತೆ.