ಮುಖ ಎಡಕ್ಕೆ, ರೆಪ್ಪೆ ಒಮ್ಮೆ

ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಾಗ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಹೊಲಿಗೆಯಮ್ಮ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡು ಎತ್ತಿದಳು.

“ಅಮ್ಮಾ, ಆನ್‌ಲೈನ್ ಪೋಕರ್ ಕಂಪನಿಯಿಂದ ಮಾತಾಡ್ತಿದೀನಿ,” ಅಂದಿತು ಒಂದು ಹುಡುಗಿಯ ದನಿ. “ನಿನ್ನೆಯಿಂದ ಒಂದೇ ಸಮ ಆಡ್ತಿದೀರಿ. ಇಷ್ಟು ಹೊತ್ತು ಆಡಿದೋರನ್ನ ಫೋನ್ ಮಾಡಿ ವಿಚಾರಿಸ್ಬೇಕು ಅಂತ ಸರ್ಕಾರದ ನಿಯಮ. ಊಟ, ನಿದ್ದೆ ಎಲ್ಲ ಆಯ್ತಾ?”

“ನಾನು ಇಸ್ಪೀಟೆಲೆ ಮುಟ್ಟಿದೋಳೇ ಅಲ್ಲ ಕಣಮ್ಮಾ. ನಂಬರ್ ತಪ್ಪಿರಬೇಕು.”

“ನಿಮ್ಮ ಗುರುತಿನ ಚೀಟಿಗೆ ಜೋಡಿಸಿರೋ ನಂಬರೇ ಇದು. ದಿನಾ ಬೆಳಿಗ್ಗೆ ಕ್ಯಾಮೆರಾಗೆ ಮುಖ ತೋರಿಸೇ ಒಳಗೆ ಬರ್ತೀರಿ. ಮುಖ ಎಡಕ್ಕೆ, ರೆಪ್ಪೆ ಒಮ್ಮೆ. ಇವತ್ತೂ ತೋರಿಸಿದೀರಿ.”

ಹೊಲಿಗೆಯಮ್ಮ ಅಂಗೈಯ ಪಿನ್ನುಗಳನ್ನು ಮುಷ್ಟಿಯಲ್ಲಿ ಹಿಡಿದಳು. ದಿನಾ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಮಗ ಫೋನು ಹಿಡಿದು ಬರುತ್ತಿದ್ದ. “ಅಮ್ಮಾ, ಇಲ್ಲಿ ನೋಡು. ನಿನ್ನ ವಿಮೆಗೆ ಬೇಕು.” ಅವಳು ಕೂದಲು ಸರಿಮಾಡಿಕೊಂಡು ನೋಡುತ್ತಿದ್ದಳು. ವಿಮೆಯವರಿಗೆ ಇವಳ ಮೋರೆ ದಿನಾ ಯಾಕೆ ಬೇಕು ಎಂದು ಕೇಳಬೇಕಿತ್ತು, ಕೇಳಲಿಲ್ಲ. ವರ್ಷಗಟ್ಟಲೆ ತಲೆ ಎತ್ತದ ಮಗ ದಿನಕ್ಕೊಮ್ಮೆಯಾದರೂ ತನ್ನ ಮುಖ ನೋಡುತ್ತಾನಲ್ಲ ಎಂದು ಹಿಗ್ಗುತ್ತಿದ್ದಳು. ಹೆತ್ತವರ ಬುದ್ಧಿ ಅಷ್ಟೇ.

ಹೋದ ವರ್ಷ ಅವನು ಮಹಡಿಯ ಕಟ್ಟೆ ಹತ್ತಿ ನಿಂತಿದ್ದ. ಇಂಥದೇ ಆಟದಲ್ಲಿ ಎಲ್ಲಾ ಕಳೆದುಕೊಂಡಿದ್ದ. ಇವಳು ಹಿಂದಿನಿಂದ ಅಂಗಿ ಹಿಡಿದು ಎಳೆದ ರಭಸಕ್ಕೆ ಗುಂಡಿಗಳು ಕಿತ್ತು ಬಂದಿದ್ದವು. ಮಾರನೆಯ ದಿನ ತಾಯಿಮಗ ಇಬ್ಬರೂ ಆಟದ ಮಂಡಳಿಯ ಕಚೇರಿಗೆ ಹೋಗಿ, ಇವನನ್ನು ಯಾವ ಕಂಪನಿಯೂ ಆಟಕ್ಕೆ ಕೂರಿಸಕೂಡದು ಎಂದು ಅವನ ಕೈಯಲ್ಲೇ ಬರೆಸಿ ಬಂದಿದ್ದರು. ಮುಚ್ಚಿಸಿದ್ದ ಆಟಕ್ಕೆ ಮತ್ತೆ ಪರವಾನಗಿ ಕೊಟ್ಟ ಹೊಸ ಕಾನೂನಿನಲ್ಲಿ ಅದಕ್ಕೆ ದಾರಿ ಇತ್ತು.

ಆಗಲೇ ಪಕ್ಕದ ಇಸ್ತ್ರಿಯವನು ಮೂಗು ಮುರಿದಿದ್ದ. “ಮುಚ್ಚಿದಾಗ ಕದ್ದು ಆಡಿದ್ರು, ತೆರೆದ್ರೆ ಕೂತು ಆಡ್ತಾರೆ. ಸರ್ಕಾರ ಚಾಪೆ ಕೆಳಗೆ ತೂರಿದ್ರೆ ಇವ್ರು ರಂಗೋಲಿ ಕೆಳಗೆ ತೂರ್ತಾರೆ, ನೋಡ್ತಿರಿ ಅಕ್ಕಾ.” ಅವನ ಬಾಯಿಗೆ ಬೆಂಕಿ ಬೀಳಲಿ ಎಂದು ಆವತ್ತು ಬೈದುಕೊಂಡಿದ್ದಳು.

“ಅಮ್ಮಾ, ಇದ್ದೀರಾ?” ಹುಡುಗಿಯ ದನಿ ಸಣ್ಣಗಾಯಿತು. “ಬೇರೆ ಯಾರಾದ್ರೂ ನಿಮ್ಮ ಮುಖ ಬಳಸಿ ಆಡ್ತಿದ್ರೆ ಹೇಳಿಬಿಡಿ. ಈಗಲೇ ಖಾತೆ ಮುಚ್ತೀವಿ. ಪೊಲೀಸಿಗೆ ಮಾತ್ರ ತಿಳಿಸಲೇಬೇಕು, ಅದು ನನ್ನ ಕೈಲಿಲ್ಲ. ಆಡ್ತಿರೋದು ನೀವೇ ಆದ್ರೆ ಹೌದು ಅನ್ನಿ, ಬರ್ಕೊಂಡು ಫೋನ್ ಇಡ್ತೀನಿ. ಮಾತು ರೆಕಾರ್ಡ್ ಆಗ್ತಿದೆ.”

ಅಲ್ಲ ಎಂದರೆ ಮಗನ ಕೈಗೆ ಬೇಡಿ. ಹೌದು ಎಂದರೆ ಇನ್ನೊಮ್ಮೆ ಆ ಕಟ್ಟೆ, ಮತ್ತು ಈ ಸಲ ಅಂಗಿ ಕೈಗೆ ಸಿಗುತ್ತದೆಂದು ಯಾರು ಕಂಡರು? ಅವಳಿಗೆ ಭಯವಾಯಿತು. ಮುಷ್ಟಿಯೊಳಗಿನ ಪಿನ್ನು ಚುಚ್ಚಿದ್ದೂ ಗೊತ್ತಾಗಲಿಲ್ಲ.

“ನಾನೇ ಆಡ್ತಿರೋದು,” ಅಂದಳು. “ಬಿಡೋಕಾಗ್ತಿಲ್ಲ ಕಣಮ್ಮಾ. ಆಡಬಾರದು ಅಂತ ಪಟ್ಟಿ ಇದೆಯಲ್ಲ, ಅದಕ್ಕೆ ನನ್ನನ್ನೂ ಸೇರಿಸು.”

ಮೊದಲು ಅಲ್ಲ ಅಂದಿದ್ದರ ಮಾತನ್ನು ಹುಡುಗಿ ಎತ್ತಲಿಲ್ಲ. “ಸೇರಿಸಿದ್ರೆ ಐದು ವರ್ಷ ತೆಗೆಯೋಕಾಗಲ್ಲ. ಯಾವ ಕಂಪನೀಲೂ ನಿಮ್ಮ ಮುಖ ನಡೆಯಲ್ಲ.”

“ಸೇರಿಸು ತಾಯಿ.”

ಕೆಲಸ ಅರ್ಧಕ್ಕೇ ಬಿಟ್ಟು ಅಂಗಡಿಗೆ ಬಾಗಿಲು ಹಾಕಿದಳು. ದಾರಿಯುದ್ದಕ್ಕೂ, ಹೇಳಿದ ಸುಳ್ಳು ಹಿಂದೆಯೇ ನಡೆದುಬಂದಂತೆನಿಸಿ ಎರಡು ಸಲ ತಿರುಗಿ ನೋಡಿದಳು. ಮನೆಯಲ್ಲಿ ಮಗನ ಕೋಣೆಯ ಬಾಗಿಲು ಮುಚ್ಚಿತ್ತು. ಅವಳು ಮೊದಲು ಮಹಡಿಯ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಆ ಸದ್ದಿಗೆ ಅವನು ಹೊರಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು.

“ಬಂದ್ಯಾ, ಒಳ್ಳೇದಾಯ್ತು. ಇಲ್ಲಿ ನೋಡು, ವಿಮೆದು ಯಾಕೋ ನಿಂತೋಗಿದೆ.”

ಅವಳು ಮಹಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ನೋಡಿದಳು. ಮುಖ ಎಡಕ್ಕೆ ತಿರುಗಿಸಿದಳು, ರೆಪ್ಪೆ ಬಡಿದಳು. ಅವನು ತುಟಿ ಕಚ್ಚಿದ.

“ಕನ್ನಡಕ ತೆಗಿ. ಇನ್ನೊಂದ್ಸಲ.”

ತೆಗೆದಳು.

“ಬೆಳಕಿಗೆ ಬಾ.”

“ಇಲ್ಲೇ ಇರ್ತೀನಿ ಕಣಪ್ಪಾ.”

‘ಸ್ವಂತ ಕೋರಿಕೆಯ ಮೇರೆಗೆ ಐದು ವರ್ಷ ನಿಷೇಧ’ ಎಂದು ಪರದೆಯಲ್ಲಿ ಮೂಡಿದ್ದನ್ನು ಅವನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಫೋನನ್ನು ನಿಧಾನವಾಗಿ ಕೆಳಗಿಳಿಸಿ, ಅಡ್ಡ ಏನೂ ಇಲ್ಲದೆ, ಅವಳ ಮುಖವನ್ನೇ ನೋಡಿದ.

ಅವಳು ರೆಪ್ಪೆ ಬಡಿಯಲಿಲ್ಲ.