ಮಿಂಚುಳ್ಳಿಗೆ ಬರೆದ ಕಣ್ಣು

ಸತ್ತವರ ಕಣ್ಣು ತೆರೆಯುವುದು ನನ್ನ ಕೆಲಸ. ದಾವಣಗೆರೆಯ ಮಂಡಿಪೇಟೆಯಲ್ಲಿ ಬಕ್ಕೇಶಪ್ಪನವರದೊಂದು ಫೋಟೊ ಸ್ಟುಡಿಯೊ. ಅವರು ಫೋಟೊ ತೆಗೆಯುತ್ತಾರೆ, ನಾನು, ಮಸ್ತಾನಸಾಬ್, ನೆಗೆಟಿವ್ ತಿದ್ದುತ್ತೇನೆ. ಲಿಂಗಾಯತರ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿ ನಮಗೆ ಹೇಳಿ ಕಳಿಸುತ್ತಾರೆ. ಬದುಕಿದ್ದಾಗ ಫೋಟೊಕ್ಕೆ ಪುರಸೊತ್ತಿಲ್ಲದವರು ಆ ದಿನ ಮಾತ್ರ ಅಲುಗಾಡದೆ ಕೂರುತ್ತಾರೆ. ಮುಚ್ಚಿದ ಅವರ ಕಣ್ಣನ್ನು ನಾನು ನೆಗೆಟಿವ್‌ನಲ್ಲಿ ತೆರೆದು ಕೊಡುತ್ತೇನೆ.

ಯಾರ ಕಣ್ಣು ಹೇಗಿತ್ತೆಂದು ನನಗೇನು ಗೊತ್ತು? ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡು ನನ್ನವನ್ನೇ ನೋಡಿ ಬರೆಯುತ್ತಿದ್ದೆ. ಇಪ್ಪತ್ತು ವರ್ಷದಿಂದ ಊರಿನ ಅರ್ಧ ಪಡಸಾಲೆಗಳ ಗೋಡೆಯಿಂದ ನಾನೇ ನೋಡುತ್ತಿದ್ದೆ. ಯಾರೂ ತಕರಾರು ಮಾಡಿರಲಿಲ್ಲ. ಒಬ್ಬಾಕೆ ಮಾತ್ರ, ನಮ್ಮ ಯಜಮಾನರು ಹೋದ ಮೇಲೆ ಸ್ವಲ್ಪ ಒಳ್ಳೆಯವರಾಗಿದ್ದಾರೆ ಎಂದಿದ್ದರು.

1961ರಲ್ಲಿ ಬಕ್ಕೇಶಪ್ಪನವರಿಗೆ ಹಕ್ಕಿಯ ಹುಚ್ಚು ಹಿಡಿಯಿತು. ಹಿಡಿಸಿದವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಪಂಚಾಕ್ಷರಪ್ಪ ಮೇಷ್ಟ್ರು. ಬೆಂಗಳೂರಿನಲ್ಲಿ ಫೋಟೊ ಪ್ರದರ್ಶನವಿದೆ, ಕಾಡುಹಕ್ಕಿಗಳಿಗೇ ಬೇರೆ ವಿಭಾಗವಿದೆ ಎಂದು ಫಾರಂ ತಂದುಕೊಟ್ಟರು. ಯಾರೂ ಹಿಡಿದು ಕೂರಿಸದೆ, ತಾನಾಗಿ ಬಂದು ಕೂತದ್ದರ ಫೋಟೊ ಒಂದಾದರೂ ತನ್ನ ಹೆಸರಲ್ಲಿ ಗೋಡೆಗೇರಬೇಕು ಎಂಬ ಆಸೆ ಬಕ್ಕೇಶಪ್ಪನವರಿಗೆ ಹುಟ್ಟಿತು. ಭಾನುವಾರ ಬಂತೆಂದರೆ ಹರಿಹರದ ರೈಲು ಹತ್ತುವರು. ತುಂಗಭದ್ರೆಯ ದಡದ ನೀರಿನಲ್ಲಿ ದೋಣಿ ಕಟ್ಟುವ ಹಳೆಯ ಗೂಟವಿದೆ. ಅದರೆದುರು ಗೋಣಿಚೀಲ ಹೊದಿಸಿದ ಕ್ಯಾಮೆರಾ, ಕ್ಯಾಮೆರಾದ ಗುಂಡಿಯಿಂದ ಉದ್ದಕ್ಕೆ ದಾರ, ದಾರದ ತುದಿ ಹಿಡಿದು ಜಾಲಿಪೊದೆಯೊಳಗೆ ಬಕ್ಕೇಶಪ್ಪನವರು. ಹೀಗೆ ಐದು ತಿಂಗಳು. ಗೂಟದ ಫೋಟೊಗಳು ಬಹಳ ಚೆನ್ನಾಗಿ ಬಂದವು.

ಕೊನೆಗೂ ಒಂದು ಭಾನುವಾರ ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ಮೀನು ಕಚ್ಚಿಕೊಂಡು ಬಂದು ಕೂತಿತು. ಸೋಮವಾರ ಅವರು ನೆಗೆಟಿವ್ ತೊಳೆದು, ಒಣಗಿಸಿ, ನನ್ನ ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಲೋಕಿಕೆರೆಯ ನಿಂಗಪ್ಪನವರು ತೀರಿಕೊಂಡರೆಂದು ಅವರ ಮನೆಯವರು ಹೇಳಿಕಳಿಸಿದರು.

"ಭಾಳ ಒದ್ದಾಡಿ ತಗ್ದೀನ್ರಿ ಸಾಬ್ರೆ, ಜ್ವಾಪಾನಾಗಿ ನೋಡ್ಕಳ್ರಿ" ಎಂದು ಹೇಳಿ ಅವರು ಹೊರಟರು.

ನಾನು ಜೋಪಾನವಾಗಿಯೇ ನೋಡಿದೆ. ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಪ್ಪಾಗಿ ಕಾಣುತ್ತದೆ. ಹಕ್ಕಿಯ ಕಣ್ಣಿದ್ದಲ್ಲಿ ಒಂದೇ ಸಮ ಕಪ್ಪು. ಅಂದರೆ ಕಣ್ಣ ತುಂಬ ಬಿಳಿ ಪೊರೆ. ಹಕ್ಕಿ ಸತ್ತಿದೆ. ನನಗೆ ಎಲ್ಲವೂ ಅರ್ಥವಾಯಿತು. ಐದು ತಿಂಗಳು ಕಾದು ಬೇಸತ್ತು, ಎಲ್ಲೋ ಬಿದ್ದಿದ್ದ ಹಕ್ಕಿಯನ್ನು ತಂದು, ಗೂಟದ ಮೇಲೆ ಕೂರಿಸಿ, ಬಾಯಿಗೊಂದು ಮೀನು ಇಟ್ಟಿದ್ದಾರೆ. ನಮ್ಮ ಕಸುಬಿನಲ್ಲಿ ಇದೇನು ಹೊಸದಲ್ಲ. ಕೇಳಿ ಅವರ ಮರ್ಯಾದೆ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಕನ್ನಡಿ ಎಳೆದುಕೊಂಡೆ.

ಪೆನ್ಸಿಲ್ಲಿನಲ್ಲಿ ತಿದ್ದಿದ್ದನ್ನು ಒರೆಸಿ ತೆಗೆಯಬಹುದು. ಕಪ್ಪನ್ನು ತಿಳಿ ಮಾಡಬೇಕಾದರೆ ಮಾತ್ರ ಬ್ಲೇಡಿನ ಮೊನೆಯಿಂದ ಕೆರೆಯಬೇಕು, ಕೆರೆದದ್ದು ಹೋದದ್ದೇ. ಮಧ್ಯಾಹ್ನದ ಊಟ ಬಿಟ್ಟು ಕೆರೆದೆ. ಸಾಸಿವೆಕಾಳಿನಷ್ಟು ಜಾಗದಲ್ಲಿ ಒಂದು ಗುಡ್ಡೆ, ಗುಡ್ಡೆಯೊಳಗೆ ಬೆಳಕಿನ ಚುಕ್ಕೆ, ಮೇಲೊಂದು ರೆಪ್ಪೆಯ ಗೆರೆ. ಅಷ್ಟು ಚೆಂದದ ಕಣ್ಣನ್ನು ಮನುಷ್ಯರಿಗೂ ಬರೆದಿರಲಿಲ್ಲ.

ಮರುದಿನ ಬಕ್ಕೇಶಪ್ಪನವರು ದೊಡ್ಡ ಪ್ರಿಂಟು ಹಾಕಿದರು. ಅದನ್ನು ನೋಡಲು ಮೇಷ್ಟ್ರು ಕ್ಲಾಸು ಬಿಟ್ಟು ಓಡಿ ಬಂದಿದ್ದರು, ಕಣ್ಣಿನ ಮೇಲೆ ಬೆರಳಿಟ್ಟು, ಬಿಳಿ ರೆಪ್ಪೆ ಎಲ್ಲಿ ಹೋಯಿತು ಎಂದರು. ಮಿಂಚುಳ್ಳಿಗೆ ಮೂರನೆಯದೊಂದು ರೆಪ್ಪೆ ಇರುತ್ತದಂತೆ. ಮೀನನ್ನು ಗೂಟಕ್ಕೆ ಬಡಿಯುವಾಗ ಕಣ್ಣಿಗೆ ಪೆಟ್ಟಾಗದಿರಲೆಂದು ಅದನ್ನು ಎಳೆದುಕೊಳ್ಳುತ್ತದಂತೆ. ಆ ಗಳಿಗೆಯ ಫೋಟೊ ಮೇಷ್ಟ್ರು ಎಲ್ಲೂ ಕಂಡಿರಲಿಲ್ಲ. ನೆಗೆಟಿವ್ ಒಣಗಿಸುವಾಗಲೇ ಬಕ್ಕೇಶಪ್ಪನವರು ಅದನ್ನು ಗಮನಿಸಿ ಮೇಷ್ಟ್ರಿಗೆ ಸುದ್ದಿ ಮುಟ್ಟಿಸಿದ್ದರು. ನನಗೆ ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಅವರನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಬಕ್ಕೇಶಪ್ಪನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪ್ರಿಂಟನ್ನು ನನ್ನ ಮುಖದ ಪಕ್ಕ ಹಿಡಿದು, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು.

"ಇದು ನೀವೇ ಅದೀರಿ" ಎಂದರು.

ಫಾರಮ್ಮಿನ ಕೊನೆಯಲ್ಲಿ, ನೆಗೆಟಿವ್ ಮೇಲೆ ಕೈಕೆಲಸ ಮಾಡಿಲ್ಲವೆಂದು ಸಹಿ ಹಾಕಬೇಕಿತ್ತು. ಕಳಿಸಲು ಶನಿವಾರವೇ ಕಡೆಯ ದಿನ. ಹಾಕಿಬಿಡಿ, ಬೆಂಗಳೂರಿನವರಿಗೇನು ಗೊತ್ತಾಗುತ್ತದೆ ಎಂದರು ಮೇಷ್ಟ್ರು. ಇಷ್ಟು ವರ್ಷ ಇಷ್ಟು ಜನರ ಕಣ್ಣು ತೆರೆದು ಕೊಟ್ಟಿದ್ದೇವೆ, ಇದೊಂದಕ್ಕೆ ಏನು ಎಂದು ನಾನೂ ದನಿಗೂಡಿಸಿದೆ. ಬಕ್ಕೇಶಪ್ಪನವರು ಪೆನ್ನಿನ ಟೊಪ್ಪಿಗೆ ತೆಗೆದು ಬಹಳ ಹೊತ್ತು ಹಿಡಿದಿದ್ದರು.

"ಅವ್ರು ಯಾರೂ ತಿರುಗಿ ಬಂದು ಕೇಳಲ್ಲ ಸಾಬ್ರೆ. ಇದು ಅಲ್ಲೇ ಹರಿಹರದಾಗೆ ಅದೇ ಗೂಟದ ಮ್ಯಾಲೆ ಕೂತೈತೆ."

ಟೊಪ್ಪಿಗೆ ಹಾಕಿ, ಫಾರಮ್ಮನ್ನು ಮಡಚಿ ಡ್ರಾಯರಿನಲ್ಲಿಟ್ಟರು. ಶನಿವಾರ ಬಂದು ಹೋಯಿತು. ಅವರ ಐದು ತಿಂಗಳನ್ನು ನಾನು ಒಂದು ಮಧ್ಯಾಹ್ನದಲ್ಲಿ ಕೆರೆದು ಹಾಕಿದ್ದೆ, ಅದೂ ಅವರನ್ನು ಮೋಸಗಾರರೆಂದು ತಿಳಿದು.

ಭಾನುವಾರ ಕರೆಯದೆಯೇ ಅವರ ಜೊತೆ ರೈಲು ಹತ್ತಿದೆ. ಪೊದೆಯಲ್ಲಿ ಕೂತಾಗ ಅವರು ದಾರದ ತುದಿಯನ್ನು ನನ್ನ ಕೈಗಿತ್ತರು. ಹತ್ತು ಗಂಟೆಯ ಸುಮಾರಿಗೆ ಮಿಂಚುಳ್ಳಿ ಬಂತು. ಮೀನನ್ನು ಮೂರು ಸಲ ಗೂಟಕ್ಕೆ ಬಡಿಯಿತು. ಮೂರು ಸಲವೂ ಕಣ್ಣು ಬೆಳ್ಳಗಾಯಿತು, ಮೂರು ಸಲವೂ ತಾನಾಗಿ ತೆರೆಯಿತು. ಅದನ್ನೇ ನೋಡುತ್ತ ನಾನು ದಾರ ಎಳೆಯುವುದನ್ನು ಮರೆತೆ. ಮೀನು ನುಂಗಿ ಹಕ್ಕಿ ಹಾರಿಹೋಯಿತು.

"ಕಂಡ್ತೇನ್ರಿ?" ಎಂದು ಬಕ್ಕೇಶಪ್ಪನವರು ಕೇಳಿದರು. ಕಂಡಿತು ಎಂದೆ.

ಸೋಮವಾರ ಲೋಕಿಕೆರೆಯಿಂದ ನಿಂಗಪ್ಪನವರ ಹೆಂಡತಿ ದ್ರಾಕ್ಷಾಯಣಮ್ಮ ಬಂದರು. ಗಂಡನ ನೆಗೆಟಿವ್ ವಾರದಿಂದ ನನ್ನ ಮೇಜಿನ ಮೇಲೆ ಹಾಗೇ ಇತ್ತು. ನಾನು ಕನ್ನಡಿಯನ್ನು ಬೋರಲು ಹಾಕಿ, ಅವರ ಕಣ್ಣು ಹೇಗಿದ್ದವೆಂದು ಆಕೆಯನ್ನು ಕೇಳಿದೆ. ಇಪ್ಪತ್ತು ವರ್ಷದಲ್ಲಿ ನಾನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಆಕೆ ತಮ್ಮ ಎಡಗಣ್ಣಿನ ಹತ್ತಿರ ಬೆರಳಿಟ್ಟು ತೋರಿಸಿದರು.

"ಎಡಗಣ್ಣು ಒಂಚೂರು ಸಣ್ಣದಿತ್ರಿ. ನನ್ನ ಮ್ಯಾಲೆ ಸಿಟ್ಟು ಬಂದ್ರೆ ಅದೊಂದು ಪೂರ್ತಿ ಮುಚ್ಚಿಕೊಂತಿತ್ತು." ಸೆರಗಿನಿಂದ ಮುಖ ಒರೆಸಿಕೊಂಡರು. "ಅದನ್ನ ಹಂಗೇ ಬಿಡ್ರಿ. ನಾನು ಭಾಳ ನೋಡಿದ್ದು ಅದನ್ನೇ."

ನಾನು ಬಲಗಣ್ಣನ್ನಷ್ಟೇ ತೆರೆದು ಕೊಟ್ಟೆ.