ಹದಿನಾಲ್ಕನೇ ಅಡಿಯ ಬಂಡೆ

ಊರಿನ ಅರ್ಧ ಮನೆಗಳ ಪೈಪುಗಳು ಮೇಸ್ತ್ರಿಯ ಕೈಯಿಂದಲೇ ಹಾದುಹೋಗಿದ್ದವು. ಯಾರ ಮನೆಯ ಕಕ್ಕಸು ಕಟ್ಟಿಕೊಂಡರೂ ಮೊದಲ ಫೋನು ಅವನಿಗೇ. ಅಂಥವನ ಸ್ವಂತ ಮನೆಯ ಕಕ್ಕಸು ಮಾತ್ರ ಇಪ್ಪತ್ತಾರು ವರ್ಷಗಳಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಕಟ್ಟಿಕೊಳ್ಳುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನಗಲಿ ಬಿಡಿ, ಅವನ ಹತ್ತಿರ ಉತ್ತರ ಸಿದ್ಧವಿತ್ತು: "ಹೆಂಗಸರು ಬಾಚಿದ ಕೂದಲೆಲ್ಲ ಒಳಗೆ ಹಾಕಿದ್ರೆ ನಾನೇನು ಮಾಡ್ಲಿ?"

ಹೆಂಗಸರು ಎಂದರೆ ಇಷ್ಟು ವರ್ಷ ಹೆಂಡತಿಯೊಬ್ಬಳೇ. ಹಾಕಿಲ್ಲ ಎಂದು ಅವಳು ಮೊದಮೊದಲು ಹೇಳಿದ್ದುಂಟು. ಪೈಪೇ ಸರಿಯಿಲ್ಲವೇನೋ ಎಂದು ಒಮ್ಮೆ ಅಂದಾಗ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅವಳ ಬಾಯಿ ಮುಚ್ಚಿಸಿದ್ದ. ಮತ್ತೆ ಅವಳು ಆ ಮಾತೆತ್ತಲಿಲ್ಲ. ಈಗ ಮನೆಗೆ ಸೊಸೆ ಬಂದು ನಾಲ್ಕು ತಿಂಗಳಾಗಿತ್ತು. ಬಂದ ವಾರವೇ ಕಕ್ಕಸು ಕಟ್ಟಿದಾಗ ಮೇಸ್ತ್ರಿ ಅವಳ ಉದ್ದ ಜಡೆಯನ್ನೊಮ್ಮೆ ನೋಡಿ, ಕೆಮ್ಮಿ, ಹಳೇ ಪಾಠವನ್ನೇ ಒಪ್ಪಿಸಿದ್ದ.

ಅಸಲು ವಿಷಯ ಅವನೊಬ್ಬನಿಗೇ ಗೊತ್ತಿತ್ತು. ಹುಡುಗಿ ಕಾಲಿಡುವ ಹೊತ್ತಿಗೆ ಮನೆಯೊಳಗೇ ಕಕ್ಕಸು ಇರುತ್ತದೆ ಎಂದು ಇಪ್ಪತ್ತಾರು ವರ್ಷದ ಹಿಂದೆ ತನ್ನ ಮದುವೆಗೆ ಮುಂಚೆ ಹೆಣ್ಣಿನ ಕಡೆಯವರಿಗೆ ಮಾತು ಕೊಟ್ಟಿದ್ದ. ಮದುವೆ ಎರಡೇ ದಿನ ಇದೆ ಎನ್ನುವಾಗ ಪೈಪು ಹೂಳುವ ಗುಂಡಿಯಲ್ಲಿ ಬಂಡೆ ಅಡ್ಡ ಬಂತು. ಒಡೆಯಲು ಪುರುಸೊತ್ತಿಲ್ಲ. ಪೈಪನ್ನು ಬಂಡೆಯ ಮೇಲೆ ಹತ್ತಿಸಿ, ಆಚೆ ಇಳಿಸಿ, ಮಣ್ಣು ಮುಚ್ಚಿದ. ಇಳಿಯಬೇಕಾದ ಪೈಪು ಏರಿದರೆ ಹೊಲಸು ಅಲ್ಲೇ ನಿಲ್ಲುತ್ತದೆ, ಅದಕ್ಕೆ ಯಾರ ಕೂದಲೂ ಬೇಕಾಗಿಲ್ಲ. ಆಮೇಲೆ ಸರಿಮಾಡೋಣ ಎಂದುಕೊಂಡಿದ್ದ. ಆದರೆ ಅಗೆದರೆ ಬಂಡೆ ಹೆಂಡತಿಗೂ ಕಾಣುತ್ತದಲ್ಲ.

ಈ ಭಾನುವಾರ ಬೆಳಿಗ್ಗೆ ಮತ್ತೆ ಕಟ್ಟಿತು. ಬಕೆಟ್ ನೀರು ಸುರಿದರೆ ಅಂಚಿನವರೆಗೆ ಏರಿ, ಇಳಿಯಲೋ ಬೇಡವೋ ಎಂದು ಯೋಚಿಸುತ್ತ ನಿಂತಿತು. ಮೇಸ್ತ್ರಿ ಹಿತ್ತಲಿಗೆ ಹೋಗಿ, ಚೇಂಬರಿನ ಮುಚ್ಚಳ ಸರಿಸಿ, ಸುರುಳಿ ಕಂಬಿಯನ್ನು ತಿರುಗಿಸುತ್ತ ಪೈಪಿನೊಳಗೆ ತಳ್ಳಿದ. ಹದಿನಾಲ್ಕನೇ ಅಡಿಗೆ ಕಂಬಿ ನಿಂತಿತು. ಯಾವಾಗಲೂ ಹದಿನಾಲ್ಕೇ.

"ಈ ಸಲ ಏನು ಹಾಕಿದ್ರಮ್ಮಾ?" ಎಂದು ಅಭ್ಯಾಸದಂತೆ ಕೂಗಿದ.

ಸೊಸೆ ಹೊರಗೆ ಬಂದಳು. ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. ಒಳಗೆ ಸುತ್ತಿ ಸುತ್ತಿ ಇಟ್ಟ ಕೂದಲುಂಡೆಗಳು, ಸವೆದ ಸೋಪಿನ ಚೂರುಗಳು, ಒಂದಿಷ್ಟು ದಾರ.

"ನಾಲ್ಕು ತಿಂಗಳದ್ದು ಮಾವ. ನೀವು ಹೇಳಿದ ದಿನದಿಂದ ಒಂದೆಳೇನೂ ಒಳಗೆ ಹೋಗಿಲ್ಲ. ಬೇಕಾದ್ರೆ ನೋಡಿ."

ಹಾಗಾದರೆ ನಿಮ್ಮತ್ತೆ ಹಾಕಿರಬೇಕು ಎಂಬ ಮಾತು ಮೇಸ್ತ್ರಿಯ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅವಳ ಕಣ್ಣು ಡಬ್ಬಿಯ ಮೇಲಿತ್ತು.

"ನಾನೂ ಇಟ್ಟಿದ್ದೆ ಕಣಮ್ಮ," ಎಂದಳು. "ಇಂಥದ್ದೇ ಒಂದು ಡಬ್ಬಿ. ಎರಡು ವರ್ಷ ತುಂಬಿಸ್ದೆ. ಇವರಿಗೆ ತೋರಿಸೋಕೆ ಧೈರ್ಯ ಬರ್ಲಿಲ್ಲ. ಕೊನೆಗೆ ಬಿಸಾಕಿದೆ."

ಮೇಸ್ತ್ರಿ ಕಂಬಿಯನ್ನು ಇನ್ನು ನಾಲ್ಕು ಸುತ್ತು ತಿರುಗಿಸಿದ. ಕಟ್ಟಿದ್ದು ಬಿಟ್ಟುಕೊಂಡು ಗಳಗಳನೆ ಹರಿಯಿತು. ಪ್ರತಿ ಸಲದಂತೆ ಇಷ್ಟಕ್ಕೇ ಕೈತೊಳೆದು ಎದ್ದುಬಿಡಬಹುದಿತ್ತು. ಅವನು ಎದ್ದ, ಆದರೆ ಹೋಗಿ ತಂದದ್ದು ಹಾರೆ. ಕಂಬಿಯನ್ನು ನೆಲದ ಮೇಲೆ ಚಾಚಿ ಹದಿನಾಲ್ಕು ಅಡಿ ಅಳೆದು ಅಗೆಯತೊಡಗಿದ.

"ಏನ್ರೀ ಇದು?"

"ತಪ್ಪು ಎಲ್ಲಿದೆ ಅಂತ ತೋರಿಸ್ತೀನಿ ತಾಳು."

ಎರಡಡಿ ಅಗೆಯುವಷ್ಟರಲ್ಲಿ ಗೂನುಬೆನ್ನಿನ ಪೈಪು ಕಂಡಿತು, ಅದರಡಿಗೆ ಬಂಡೆ. ಕುಂಬಳಕಾಯಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೇ. ಮೇಸ್ತ್ರಿ ಗುಂಡಿಯಲ್ಲೇ ನಿಂತು ಹೇಳಿದ: "ನಾನೇ ಹಾಕಿದ್ದು. ಆತುರ ಬಿದ್ದು ಕಲ್ಲು ಒಡೀಲಿಲ್ಲ. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ. ಈಗ ಈ ಹುಡುಗಿ ತಲೆಗೂ. ತಪ್ಪಾಯ್ತು."

ಹೆಂಡತಿ ಗುಂಡಿಯ ಅಂಚಿಗೆ ಬಂದು ಬಂಡೆಯನ್ನು ಬಗ್ಗಿ ನೋಡಿದಳು.

"ನಂಗೆ ಕುಣಿಯೋಕೆ ಬರ್ತಿತ್ತು ಕಣಮ್ಮ," ಎಂದಳು ಸೊಸೆಗೆ. "ನೆಲಾನೇ ಡೊಂಕಾಗಿತ್ತು."

ಸೊಸೆಗೆ ಆ ಗಾದೆಯ ಹಿಂದಿನ ಕಥೆ ಗೊತ್ತಿರಲಿಲ್ಲ, ಆದರೂ ನಗು ಬಂತು. ಅತ್ತೆಯೂ ನಕ್ಕಳು. ನಗುತ್ತಲೇ ಇದ್ದು, ಆಮೇಲೆ ಕಣ್ಣೊರೆಸಿಕೊಂಡಳು.

ಮಧ್ಯಾಹ್ನದೊಳಗೆ ಬಂಡೆ ಪುಡಿಯಾಯಿತು, ಹೊಸ ಪೈಪು ಕೂತಿತು. ಯಾರಿಗೂ ಮುಟ್ಟಲು ಬಿಡದ ತನ್ನ ರಸಮಟ್ಟವನ್ನು ಮೇಸ್ತ್ರಿ ಹೆಂಡತಿಯ ಕೈಗೆ ಕೊಟ್ಟು, ಗಾಜಿನೊಳಗಿನ ಗುಳ್ಳೆ ಎಲ್ಲಿ ನಿಂತರೆ ಇಳಿಜಾರು ಸರಿ ಎಂದು ಹೇಳಿಕೊಟ್ಟ. "ನೀನು ಸರಿ ಅನ್ನೋವರೆಗೂ ಮಣ್ಣು ಮುಚ್ಚಲ್ಲ," ಎಂದ. ಅವಳು ಆರು ಸಲ "ಇನ್ನೂ ಸ್ವಲ್ಪ" ಎಂದಳು. ಅದರಲ್ಲಿ ಮೂರು ಸಲ ಬೇಕಿರಲಿಲ್ಲ. ಅದು ಮೇಸ್ತ್ರಿಗೂ ಗೊತ್ತು, ಆದರೂ ಪ್ರತಿ ಸಲ ಪೈಪನ್ನು ಎತ್ತಿ ಇಳಿಸಿದ.

ಮೊದಲ ಬಕೆಟ್ ಅವಳೇ ಸುರಿದಳು. ನೀರು ಒಂದೇ ಗುಟುಕಿಗೆ ಹೋಯಿತು. ಸಾಲದೆಂದು ಇನ್ನೊಂದು ಸುರಿದಳು, ಸುಮ್ಮನೆ ಮೂರನೆಯದನ್ನೂ. ಆಮೇಲೆ ಸೊಸೆಯ ಡಬ್ಬಿಯನ್ನು ಕಸಕ್ಕೆ ಬೋರಲು ಹಾಕಿ, ತೊಳೆದು, ಬಂಡೆಯ ಒಂದು ಚೂರನ್ನು ಆರಿಸಿ ಅದರೊಳಗಿಟ್ಟು ಮುಚ್ಚಳ ಹಾಕಿದಳು.

"ಅದ್ಯಾಕೆ?" ಎಂದ ಮೇಸ್ತ್ರಿ.

"ಮುಂದೆ ಯಾವತ್ತಾದ್ರೂ ನಿಮ್ಮ ಪಾಠ ಶುರುವಾದ್ರೆ ತೋರಿಸೋಕೆ," ಎಂದಳು. "ಈ ಸಲ ಬಿಸಾಕಲ್ಲ."